ಗುಡಿಸಲಿಗೆ ಹೊರಟ ಅತ್ತೆ

ಲಷ್ಕರ್ ಮೊಹಲ್ಲದ ಬೀದಿ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ನನ್ನ ಎತ್ತುಗಳಿಗೆ ನೀರು ಹಿಡಿಯಲು ಕಾದು ನಿಂತಿದ್ದೆ. ಮುಂದೆ ಲೂರ್ದಮ್ಮನೂ ಅವಳ ನೆರೆಮನೆಯ ನಿಂಗಮ್ಮನೂ ಮಾತಾಡುತ್ತಿದ್ದರು.

“ನಿಮ್ಮತ್ತೆ ನೆನ್ನೆ ಮತ್ತೆ ಹೊಂಟೋಗಿದ್ರಂತೆ?” ಅಂದಳು ನಿಂಗಮ್ಮ.

“ಮೇಟಗಳ್ಳಿ ದಾರೀಲಿ ಸಿಕ್ಕಿದ್ರು ಕಣಕ್ಕ. ಅಟ್ಟದಲ್ಲಿ ಇಲಿ ಸತ್ತು ಬಿದ್ದಿತ್ತು. ನೋಡಿದ್ದೇ ತಡ, ಪ್ಲೇಗು ಬಂತು ಅಂತ ಚಾಪೆ ಸುತ್ಕೊಂಡು ನಡೆದ್ಬುಟ್ರು.”

“ಪ್ಲೇಗಿನಲ್ಲಿ ಊರು ಬಿಟ್ಟು ನಾವೆಲ್ಲ ಗುಡ್ಲು ಹಾಕಿದ್ದ ಹೊಲಕ್ಕಾ? ಈಗ ಅಲ್ಲೇನೈತೆ?”

“ಏನೂ ಇಲ್ಲ. ಮಗಳನ್ನ ಅಲ್ಲೇ ಬಿಟ್ಟು ಬಂದಿದೀನಿ, ಕರ್ಕೊಂಡು ಬರ್ತೀನಿ ಅಂತಾರೆ. ಫಿಲೋಮಿನಾ ಆ ಗುಡ್ಲಲ್ಲೇ ತೀರ್ಕೊಂಡಿದ್ದು ಮರ್ತೇ ಹೋಗೈತೆ.”

“ಬಾಗ್ಲಿಗೆ ಚಿಲಕ ಹಾಕ್ಬಾರದೇನೇ?”

“ಹಾಕಿದ್ದೆ. ಬಾಗ್ಲಿಗೆ ತಲೆ ಚಚ್ಕೊಂಡ್ರು. ಅದಕ್ಕೆ ಇವತ್ತು ಬೆಳಗ್ಗೆ, ನಾನೇ ಫಿಲೋಮಿನಾ, ಬಂದ್ಬುಟ್ಟೆ ಕಣವ್ವಾ ಅಂದೆ.”

“ನಂಬಿದ್ರಾ?”

“ತಬ್ಕೊಂಡ್ರು. ಕೂರಿಸ್ಕೊಂಡು ಜಡೆ ಹಾಕಿದ್ರು. ಮದುವೆಯಾಗಿ ಬಂದಾಗಿಂದ ಒಂದಿನಾನೂ ನನ್ನ ತಲೆ ಮುಟ್ಟಿರ್ನಿಲ್ಲ.”

“ಅತ್ತೆ ಕೈಲಿ ಜಡೆ ಹಾಕಿಸ್ಕೊಂಡೋಳು ನೀನೊಬ್ಳೇ ಬುಡು! ಇನ್ನು ಎಲ್ಲೂ ಹೋಗಕಿಲ್ಲ.”

ಲೂರ್ದಮ್ಮ ನಗಲಿಲ್ಲ.

“ಜಡೆ ಹಾಕಿ ಆದ್ಮೇಲೆ, ನಮ್ಮ ಸೊಸೆ ಲೂರ್ದು ಎಲ್ಲಿ ಅಂದ್ರು. ಪಾಪ, ಅವಳೊಬ್ಳೇ ಗುಡ್ಲಲ್ಲಿ ಉಳ್ಕೊಂಡ್ಳೇನೋ, ಕರ್ಕೊಂಡು ಬರ್ತೀನಿ ಅಂತ ಚಾಪೆ ಸುತ್ತೋಕೆ ಕೂತವ್ರೆ.”

“ಅಯ್ಯೋ! ಈಗ ಮನೇಲಿ ಯಾರವ್ರೆ?”

“ನಮ್ಮ ಯಜಮಾನ್ರು ಬಾಗ್ಲಲ್ಲಿ ಕೂತವ್ರೆ. ಅವರೂ ಕೆಲಸಕ್ಕೆ ಹೋಗೋ ಹೊತ್ತಾಯ್ತು.”

ಬಿಂದಿಗೆ ಅರ್ಧವೂ ತುಂಬಿರಲಿಲ್ಲ. ಲೂರ್ದಮ್ಮ ಅದನ್ನೇ ಸೊಂಟಕ್ಕಿಟ್ಟುಕೊಂಡು, ನೀರು ತುಳುಕುತ್ತಿದ್ದರೂ ನೋಡದೆ, ಓಡುನಡಿಗೆಯಲ್ಲಿ ಹೊರಟುಹೋದಳು.