ಸಿರಪ್ ಬಿಟ್ಟ ಮೂರು ದಿನ

ಲಿವರ್ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ಹೊಟ್ಟೆ ಉಬ್ಬಿದ ದರ್ಜಿಯೂ ಅವನ ಹೆಂಡತಿಯೂ ಚಡಪಡಿಸುತ್ತ ಕೂತಿದ್ದರು.

"ಸಿರಪ್ ಬಿಟ್ಟು ಎಷ್ಟು ದಿನ ಆಯ್ತು? ನಿಜ ಹೇಳಿ," ಎಂದಳು ಹೆಂಡತಿ.

"ಮೂರು. ಅದನ್ನ ಕುಡಿದು ದಿನಕ್ಕೆ ನಾಲ್ಕು ಸಲ ಕಕ್ಕಸಿಗೆ ಓಡ್ತಿದ್ರೆ ಹೊಲಿಯೋದು ಯಾವಾಗ?"

"ಹೊಟ್ಟೆ ಖಾಲಿ ಆಗ್ದಿದ್ರೆ ವಿಷ ತಲೆಗೇರುತ್ತೆ ಅಂತ ಡಾಕ್ಟ್ರು ಬಡ್ಕೊಂಡಿಲ್ವಾ?"

"ನನ್ನ ತಲೆ ಗಟ್ಟಿಯಾಗೇ ಇದೆ."

"ನಿನ್ನೆ ಬೆಳಗ್ಗೆ ನನ್ನೇ ನೋಡಿ, 'ಯಾರಮ್ಮ, ಅಳತೆ ಕೊಡೋಕೆ ಬಂದ್ರಾ?' ಅಂದ್ರಿ."

"ತಮಾಷೆ ಮಾಡಿರ್ತೀನಿ ಕಣೇ."

"ಟೇಪ್ ತಂದು ತೋಳಿನ ಅಳತೆನೂ ತಗೊಂಡ್ರಿ."

ಅವನು ಅವಳ ತೋಳಿನತ್ತ ನೋಡಿದ.

"ನೀನೇನು ಮಾಡ್ದೆ?"

"ಏನ್ಮಾಡ್ಲಿ? ಕೈ ಚಾಚಿ ನಿಂತ್ಕೊಂಡೆ."

ನರ್ಸ್ ಕರೆದಳು. ಅವನು ಹೆಂಡತಿಯ ಭುಜ ಹಿಡಿದು ಎದ್ದ.

"ಸಿರಪ್ ಬಿಟ್ಟಿದ್ದು ನಾನೇ ಹೇಳ್ತೀನಿ. ಅಳತೆ ವಿಷ್ಯ ನೀನು ಹೇಳು. ನಂಗೆ ನೆನಪಿಲ್ಲ."

ಇಬ್ಬರೂ ಒಳಗೆ ಹೋದರು.