ಪತ್ರಿಕೆಯ ಕಿಂಡಿ ಮತ್ತು ಕೆಂಪು ಅರಿವೆ

ಅಧ್ಯಕ್ಷ ಪೀಠದಲ್ಲಿರುವ, ನಮ್ಮ ಗೋಕಾವಿ ವಾಚನಾಲಯದ ಹಿರಿಯರಾದ ಶ್ರೀಮಾನ್ ಗುರುಲಿಂಗಪ್ಪನವರೇ, ನಾಳೆ ರೈಲು ಹತ್ತಲಿರುವ ಚಿರಂಜೀವಿ ಉದ್ದಪ್ಪನೇ, ಮುಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕುಳಿತಿರುವ ಅವನ ತಾಯಿ ರಾಯವ್ವನವರೇ, ನನ್ನ ಹಳೆಯ ಹೊಸ ವಿದ್ಯಾರ್ಥಿಗಳೇ, ಸಮಸ್ತ ಸಭಿಕರೇ,

ರಾಯವ್ವನವರೇ, ದಯವಿಟ್ಟು ಹಿಂದಕ್ಕೆ ಸರಿದು ಕುಳಿತುಕೊಳ್ಳಿ. ಆ ಕುರ್ಚಿ ಪೂರ್ತಿ ನಿಮ್ಮದೇ.

ಮುಂಬಯಿಯ ವಿಮಾನ ಕಾರ್ಖಾನೆಯಲ್ಲಿ ಯಂತ್ರ ದುರಸ್ತಿಯ ತರಬೇತಿಗೆ ನಮ್ಮ ಸೀಮೆಯಿಂದ ಆಯ್ಕೆಯಾದ ಮೊದಲ ತರುಣ ಉದ್ದಪ್ಪ. ಮಸಗುಪ್ಪಿಯಿಂದ ಗೋಕಾವಿಯ ನಮ್ಮ ಶಾಲೆಗೆ ನಡೆದು ಬರುತ್ತಿದ್ದವನು, ಆಮೇಲೆ ಮೋಟಾರು ದುರಸ್ತಿಯ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದವನು ನಾಳೆ ವಿಮಾನದ ಹೊಟ್ಟೆಯೊಳಗೆ ಕೈ ಹಾಕಲಿದ್ದಾನೆ. ಇದು ಸಣ್ಣ ಸಂಗತಿಯೆ? ಸ್ವರಾಜ್ಯ ಬಂದು ಎರಡು ವರ್ಷವಾಗುವಷ್ಟರಲ್ಲಿ ಇದನ್ನು ಕಂಡೆವಲ್ಲ, ಇದು ಸಣ್ಣ ಸಂಗತಿಯೆ?

ಆದರೆ ಈ ಸಮಾರಂಭ ನಡೆಯದೇ ಹೋಗುವ ಸಾಧ್ಯತೆಯೇ ಹೆಚ್ಚಾಗಿತ್ತು. ಅದಕ್ಕೆ ಕಾರಣರು ಯಾರೆಂಬುದನ್ನು ಇಂದು ಹೇಳಿಯೇ ಕುಳಿತುಕೊಳ್ಳುತ್ತೇನೆ.

ಹೋದ ಶ್ರಾವಣದಲ್ಲಿ ಕಾರ್ಖಾನೆಯ ಪತ್ರ ಬಂತು. ಮೂರು ವಾರಗಳೊಳಗೆ ತಾಯಿ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿ ಕಳಿಸಬೇಕು, ಇಲ್ಲವಾದರೆ ಆ ಸ್ಥಾನ ಬೇರೆಯವರಿಗೆ. ನಾಲ್ಕನೆಯ ದಿನ ವಾಚನಾಲಯಕ್ಕೆ ಬಂದ, ಊರಿಗೆ ಬರುವ ಒಂದೇ ಪತ್ರಿಕೆಯಲ್ಲಿ ಆ ಸುದ್ದಿ ಇತ್ತು: ಮುಂಬಯಿಯಿಂದ ಹೊರಟ ಪ್ರಯಾಣಿಕರ ವಿಮಾನವೊಂದು ಮಳೆಯಲ್ಲಿ ಘಟ್ಟದ ಮೇಲೆ ಬಿದ್ದು, ಒಳಗಿದ್ದ ಹತ್ತೊಂಬತ್ತು ಮಂದಿಯೂ ತೀರಿಕೊಂಡರು.

ಅಂದು ವಾಚನಾಲಯದ ಬಾಗಿಲು ತೆರೆದವನು ನಾನೇ, ಒಳಗೆ ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಕತ್ತರಿ ಇತ್ತು. ನಾನು ಆ ಸುದ್ದಿಯನ್ನು ಕತ್ತರಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಹೌದು, ಮಹನೀಯರೇ. ಮೂವತ್ತೊಂದು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಹೇಳಿಕೊಟ್ಟ ಈ ಸೋಮಪ್ಪ ಮಾಸ್ತರನೇ ಕತ್ತರಿಸಿದವನು. ತಾಯಿಯೊಬ್ಬಳು ಹೆದರಬಾರದೆಂದು ಹಾಗೆ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನಾನು ಇಪ್ಪತ್ತರ ಹರೆಯದಲ್ಲಿದ್ದಾಗ ನಮ್ಮ ಹೊಲದ ಮೇಲೆ ಮೊದಲ ಬಾರಿ ಒಂದು ವಿಮಾನ ಹಾರಿಹೋಯಿತು. ಕುಂಟೆ ಹಿಡಿದವನು ಹಿಡಿದಂತೆಯೇ ನಿಂತೆ. ಆ ದಿನದಿಂದ ಒಳಗೊಂದು ಆಸೆ ಹೊತ್ತುಕೊಂಡಿದ್ದೆ. ನಾನು ಏರಲಾರದ್ದನ್ನು ನನ್ನ ಕೈಯಲ್ಲಿ ಕಲಿತವನೊಬ್ಬನಾದರೂ ಮುಟ್ಟಲಿ ಎಂಬ ಆ ಆಸೆಯೇ ಅಂದು ಕತ್ತರಿ ಹಿಡಿದದ್ದು.

ಅಂಗೈಯಗಲದ ಕಿಂಡಿ ಅದು. ಇಡೀ ಊರು ಅದರೊಳಗೆ ಹಣಿಕಿ ನೋಡಿತು! ವಿಮಾನ ಬಿದ್ದದ್ದು ರೇಡಿಯೋ ಕೇಳಿದವರಿಂದ ಗೊತ್ತಾಗಿತ್ತು. ಎಷ್ಟು ಜನ, ಹೇಗೆ ಎಂಬುದು ಗೊತ್ತಿರಲಿಲ್ಲ. ಸಂಜೆಗೆ ಸತ್ತವರು ತೊಂಬತ್ತಾದರು. ಮರುದಿನ ಯಮಕನಮರಡಿಯ ರಸ್ತೆಯಲ್ಲಿ ಲಾರಿಯವರು ಇನ್ನೂರು ಎಂದರು. ಹುಕ್ಕೇರಿಯಲ್ಲಿ ಮೇಲೆ ಸದ್ದಾದರೆ ಜನ ಬೇವಿನ ಮರದ ಕೆಳಗೆ ಓಡತೊಡಗಿದರು. ಬೇವಿನ ಮರ ವಿಮಾನವನ್ನು ಹೇಗೆ ತಡೆಯುತ್ತದೆಂದು ಯಾರೂ ಕೇಳಲಿಲ್ಲ. ನಮ್ಮ ಕಿರಾಣಿ ಅಂಗಡಿಯ ವೀರಪ್ಪನವರು ಬೆಲ್ಲ ತೂಗುತ್ತ ಗಿರಾಕಿಗಳಿಗೆ ಹೇಳಿದರಂತೆ: "ಪೇಪರಿನಾಗ ಅಚ್ಚು ಹಾಕಿದ್ದನ್ನ ಸರ್ಕಾರದವ್ರ ಕಿತ್ತ ಒಗದಾರಂದ್ರ, ಒಳಗ ಎಂಥಾದ್ದ ಇರಬೇಕ ನೋಡ್ರಿ!"

ಆ ಸರ್ಕಾರದವರು ನಾನೇ ಆಗಿದ್ದೆ.

ಪತ್ರಿಕೆ ಬಂದ ಐದನೆಯ ದಿನ ಇದೇ ಸಭಾಗೃಹದಲ್ಲಿ ಸಭೆ ಸೇರಿ, ನಮ್ಮ ಊರುಗಳ ಯಾವ ತರುಣನೂ ವಿಮಾನದ ಕೆಲಸಕ್ಕೆ ಹೋಗಕೂಡದೆಂದು ಠರಾವು ಮಾಡಿದರು. ಅಂದೂ ಅಧ್ಯಕ್ಷರು ಗುರುಲಿಂಗಪ್ಪನವರೇ. ಪ್ರೀತಿಯಿಂದಲೇ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕುಳಿತಿದ್ದೆ. ಸತ್ಯ ನನ್ನ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕುಳಿತಿತ್ತು. ರಾಯವ್ವನವರು ಒಪ್ಪಿಗೆಯ ಕಾಗದವನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟರು.

ಗಡುವಿಗೆ ಮೂರು ದಿನವಿದ್ದಾಗ ಅವರು ವಾಚನಾಲಯದ ಮೆಟ್ಟಿಲಿಗೆ ಬಂದರು. ಕೈಯಲ್ಲಿ ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆ. ರದ್ದಿಗೆ ಹೋಗಿದ್ದ ಅದೇ ಹಾಳೆ, ಅದೇ ಕಿಂಡಿ.

"ಮಾಸ್ತರ, ಇದು ಇಲಿ ಕಡದದ್ದಲ್ಲರಿ. ಅಂಚ ನೋಡ್ರಿ, ಕತ್ತರಿ ಕಡದದ್ದು. ಕತ್ತರಿ ನಿಮ್ಮ ಮೇಜಿನ ಮ್ಯಾಲ ಐತಿ. ಇಲ್ಲೇನಿತ್ತ ಹೇಳ್ರಿ."

"ನೀ ಅಂಜಬಾರದಂತ ತಗದೆ, ರಾಯವ್ವ" ಎಂದೆ. ಅಂದು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ಅವರು ಪುಂಡಿನಾರಿನ ಹಗ್ಗ ಹೊಸೆಯುವವರೆಂದು ನಿಮಗೆಲ್ಲ ಗೊತ್ತು. ನಮ್ಮ ಸೀಮೆಯ ಎಷ್ಟೋ ಬಾವಿಗಳಿಗೆ ಅವರ ಹಗ್ಗ ಇಳಿಯಿತು. ಅವರ ಕೊಡ ಇಳಿಯಲು ನಾವು ಬಿಡಲಿಲ್ಲ. ಈ ಮಾತನ್ನೂ ಇಂದು ಹೇಳಬೇಕೆನಿಸಿತು, ಹೇಳಿದೆ. ಅಂದು ಅವರು ನನಗೆ ಪಾಠ ಹೇಳಿದರು:

"ಹಗ್ಗ ಎಲ್ಲಿ ಸವದೈತೋ ಅಲ್ಲಿ ನಾವು ಕೆಂಪ ಅರಿವಿ ಕಟ್ಟತೀವ್ರಿ. ಎಳಿಯಾಂವ ನೋಡಲಿ, ಇಳಿಯಾಂವ ನೋಡಲಿ, ಹೊಸೆದಾಕಿನೂ ನೋಡಲಿ. ಸವದದ್ದು ಮುಚ್ಚಿಟ್ರ ಹಗ್ಗದ ಮರ್ಯಾದಿ ಉಳಿತೈತಿ, ಇಳದಾಂವ ಉಳಿಯೂದಿಲ್ಲ. ನೀವು ಸಾಲಿ ಕಲಿತಾವ್ರು, ನೀವಽ ಅರಿವಿ ಬಿಚ್ಚಿ ಕಿಸೇದಾಗ ಇಟ್ಕೊಂಡ್ರ ನಾ ಮಗನ್ನ ಹೆಂಗ ಕಳಿಸ್ಲಿ?"

ಯಾವ ತರಬೇತಿ ಶಾಲೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಕಲಿಸುತ್ತಾರೆ? ನಾನು ಅವರನ್ನು ಒಳಗೆ ಕರೆದೆ. ಮೊದಲ ಬಾರಿಗೆ ಅವರು ಆ ಹೊಸ್ತಿಲು ದಾಟಿದರು. ಅವರ ಕಣ್ಣೆದುರೇ ಆ ತುಣುಕನ್ನು ಹಲಗೆಗೆ ಅಂಟಿಸಿದೆ. ಮರುದಿನ ಇಲ್ಲಿ ಎಲ್ಲರನ್ನೂ ಕೂಡಿಸಿ, ನನ್ನ ತಪ್ಪನ್ನು ಮೊದಲು ಹೇಳಿ, ಸುದ್ದಿಯನ್ನು ಅಕ್ಷರ ಬಿಡದೆ ಓದಿದೆ.

"ಹತ್ತೊಂಬತ್ತಽ ಏನ್ರಿ? ನಾ ತೊಂಬತ್ತ ಮಾಡಿದ್ನಲ್ಲಪಾ!" ಎಂದು ವೀರಪ್ಪನವರು ತಲೆ ಹಿಡಿದುಕೊಂಡರು. ಆದರೆ ಸತ್ತವರ ಹೆಸರುಗಳನ್ನು ಓದುವಾಗ ಯಾರೂ ನಗಲಿಲ್ಲ. ಅವರಲ್ಲೊಬ್ಬರು ನನ್ನಂಥ ಸಾಲಿಯ ಮಾಸ್ತರರು. ಕೊನೆಯಲ್ಲಿ ಒಂದು ಸಾಲಿತ್ತು: ಹಾರುವ ಮೊದಲೇ ಎಣ್ಣೆ ಸೋರುವುದನ್ನು ಕೆಲಸಗಾರನೊಬ್ಬ ಕಂಡು ಬಾಯಿಮಾತಿನಲ್ಲಿ ಹೇಳಿದ್ದನಂತೆ, ಅದನ್ನು ಯಾರೂ ಬರೆದುಕೊಂಡಿರಲಿಲ್ಲವಂತೆ.

ಆಗ ರಾಯವ್ವನವರು ಬಾಗಿಲ ಬಳಿಯಿಂದಲೇ ಅಧ್ಯಕ್ಷರನ್ನು ಕೇಳಿದರು: "ಸಾವಕಾರ್ರ, ಹ್ವಾದ ವರ್ಷ ನಿಮ್ಮ ಬಾವಿ ಹಗ್ಗಕ್ಕ ನಾ ಕೆಂಪ ಅರಿವಿ ಕಟ್ಟಿದಾಗ ಏನಂದ್ರಿ?"

ಗುರುಲಿಂಗಪ್ಪನವರು ಮುಚ್ಚಿಡಲಿಲ್ಲ. "ಹೊಸಾ ಹಗ್ಗ ಮಾರಾಕ ಹೂಡಿದ ಆಟ ಅಂತ ಬೈದಿದ್ದೆ, ಯವ್ವಾ. ಖರೆ, ಅರಿವಿ ಕಂಡು ನಮ್ಮ ಆಳು ಅಲ್ಲಪ್ಪ ಆ ಹಗ್ಗಾ ಹಿಡದ ಬಾವಿಗೆ ಇಳೀಲಿಲ್ಲ. ನೀರು ತುಂಬಿದ ಕೊಡಾ ಎಳಿಯೂ ಮುಂದ ಅರಿವಿ ಕಟ್ಟಿದಲ್ಲೇ ಹರೀತು."

"ಹರದ ಮ್ಯಾಲ ಬಾವಿ ಮುಚ್ಚಿದ್ರೇನ್ರಿ?"

"ಇಲ್ಲ, ಯವ್ವಾ. ನಿನ್ನ ಕಡಿಂದನಽ ಹೊಸಾ ಹಗ್ಗ ತಂದೆ."

"ಹಂಗಾದ್ರ ನನ್ನ ಮಗಾ ಯಾಕ ಹೋಗಬಾರದ್ರಿ? ಅರಿವಿ ಕಟ್ಟಾವ್ರು ಅಲ್ಲಿ ಕಡಿಮಿ ಅದಾರಂತ ಈಗ ಓದಿದ್ರಲ್ಲ!"

ಸಭಿಕರೇ, ಆ ಚಪ್ಪಾಳೆಯನ್ನು ನೀವೇ ಹೊಡೆದಿರಿ, ನಾನೇಕೆ ವರ್ಣಿಸಲಿ? ಉದ್ದಪ್ಪ ಎದ್ದು ನಿಂತು, "ಆ ಮನಷ್ಯಾ ಬಾಯಿಲೆ ಹೇಳಿದ್ನರಿ. ನಾ ಬರದ ಇಡತೇನಿ. ಸಾಹೇಬ್ರು ಬೈದ್ರೂ ಬರೀತೇನಿ" ಎಂದ. ಅಧ್ಯಕ್ಷರು ಠರಾವಿನ ಕಾಗದವನ್ನು ತಮ್ಮ ಕೈಯಿಂದಲೇ ಹರಿದರು. ಅದೇ ಮೇಜಿನ ಮೇಲೆ ರಾಯವ್ವನವರು ಹೆಬ್ಬೆಟ್ಟು ಒತ್ತಿದರು. ಎಷ್ಟು ಗಟ್ಟಿಯಾಗಿ ಒತ್ತಿದರೆಂದರೆ, ಕೆಳಗಿನ ಹಾಳೆಗೂ ಮಸಿ ಇಳಿಯಿತು.

ಉದ್ದಪ್ಪಾ, ಗೆದ್ದವನು ನೀನು, ಗೆಲ್ಲಿಸಿದವರು ನಿನ್ನ ತಾಯಿ. ನೀನು ಕೈಯಾಡಿಸಿ, ಹಾರಬಹುದೆಂದು ರುಜು ಮಾಡಿದ ಮೊದಲ ವಿಮಾನದಲ್ಲಿ ನಾನು ಕುಳಿತೇ ಕುಳಿತುಕೊಳ್ಳುತ್ತೇನೆ. ಮಾಸ್ತರರು ಸುರಕ್ಷಿತವಾಗಿ ಇಳಿದ ಮೇಲೆ ತಾವೂ ಏರುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದಾರೆ! ಆದರೆ ನೀನು ರುಜು ಮಾಡಲು ನಿರಾಕರಿಸಿದ ದಿನ ನನಗೊಂದು ಕಾಗದ ಬರೆ. ಆ ಕಾಗದವನ್ನು ಈ ಸಭೆಯಲ್ಲಿ ಇದಕ್ಕಿಂತ ದೊಡ್ಡ ದನಿಯಲ್ಲಿ ಓದುತ್ತೇನೆ.

ಕೊನೆಯದಾಗಿ, ಎಲ್ಲರೂ ಇದನ್ನು ನೋಡಿ. ಇದು ವಾಚನಾಲಯದ ಕತ್ತರಿ. ಇಂದು ಬೆಳಿಗ್ಗೆ ರಾಯವ್ವನವರು ಬಂದು, ನಗುತ್ತಲೇ, ಇದರ ಹಿಡಿಕೆಗೆ ಕೆಂಪು ಅರಿವೆ ಕಟ್ಟಿ ಹೋದರು. ಕತ್ತರಿ ಸವೆದಿಲ್ಲ, ಸಭಿಕರೇ, ಚೆನ್ನಾಗಿಯೇ ಇದೆ. ಸವೆದ ಜಾಗ ಅದನ್ನು ಹಿಡಿಯುವ ಕೈಯಲ್ಲಿತ್ತು. ಈ ಗಂಟನ್ನು ನಾನು ಬಿಚ್ಚುವುದಿಲ್ಲ, ನನ್ನ ನಂತರ ಬರುವವರೂ ಬಿಚ್ಚದಿರಲಿ.

ಇಷ್ಟು ಹೊತ್ತು ನನ್ನ ತಪ್ಪನ್ನು ಸಹನೆಯಿಂದ ಕೇಳಿ, ನಮ್ಮ ಹುಡುಗನ ಗೆಲುವಿಗೆ ಮನತುಂಬಿ ಹಿಗ್ಗಿದ ತಮಗೆಲ್ಲ ಕೃತಜ್ಞತೆಗಳು. ರಾಯವ್ವನವರೇ, ಮೊದಲು ನಿಮಗೆ, ಆಮೇಲೆ ಈ ಸಭೆಗೆ, ನನ್ನ ನಮಸ್ಕಾರ.