ಒಪಲ್ ಚಿಕ್ಕಮ್ಮನ ಗರಗಸ

ಒಹಾಯೊದ ಆ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಬಣ್ಣದ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದ ಲೊರೀನಳಿಗೆ ಮುಂದಿದ್ದ ಇಬ್ಬರ ಜಗಳ ಚೆನ್ನಾಗಿ ಕೇಳಿಸುತ್ತಿತ್ತು. ಒಬ್ಬ, ಊರಿನ ಟೀವಿಯಲ್ಲಿ ಮಾತುಕತೆಯ ಕಾರ್ಯಕ್ರಮ ನಡೆಸುವ ಡ್ವೈಟ್. ಇನ್ನೊಬ್ಬಳು ಅವನ ಚಿಕ್ಕಮ್ಮ ಒಪಲ್. ಆ ಕಾರ್ಯಕ್ರಮದಲ್ಲಿ ಗರಗಸದ ಮೇಲೆ ಪಿಟೀಲಿನ ಕಮಾನು ಎಳೆದು ಹಾಡು ನುಡಿಸುವವಳು. ಅವಳ ಕೈಯಲ್ಲಿ ಹೊಸ ಗರಗಸವಿತ್ತು.

"ಈ ವಾರ ಗರಗಸ ಬೇಡ ಚಿಕ್ಕಮ್ಮ. ನಿನ್ನೆ ನ್ಯಾಷನಲ್ ಟೀವಿಲಿ ಆ ಹಾಸ್ಯದ ಕಾರ್ಯಕ್ರಮ ನೋಡಿದ್ರಲ್ಲ? ನಮ್ಮಂಥೋರನ್ನೇ ಅಣಕಿಸಿದ್ರು. ನಾನು ಟೀವಿಲಿ ಹಾಕೋ ಥರದ್ದೇ ಕೋಟು, ನಿಮ್ಮ ಥರದ್ದೇ ಗರಗಸ."

"ನೋಡ್ದೆ. ಆ ಪುಣ್ಯಾತ್ಮ ನುಣುಪು ಅಂಚು ಬಿಟ್ಟು ಗರಗಸದ ಹಲ್ಲಿನ ಕಡೆ ಕಮಾನು ಎಳೆದ!"

"ಅದೇ ತಮಾಷೆ."

"ಕಮಾನು ಹಾಳಾಗೋದು ಎಂಥ ತಮಾಷೆನೋ?"

"ಪಿಯಾನೋ ನುಡಿಸಿ ಸಾಕು."

"ನಿಮ್ಮಮ್ಮನ ಕೈಲಿ ನುಡಿಸ್ಕೋ. ನಿನ್ನ ಕೋಟೆಲ್ಲಿ? ಬಚ್ಚಿಟ್ಯಾ, ಪುಕ್ಕಲ?"

ಡ್ವೈಟ್ ತಲೆ ತಗ್ಗಿಸಿದ. "ದೇಶವೆಲ್ಲ ನಗ್ತಿದೆ, ಚಿಕ್ಕಮ್ಮ."

ಒಪಲ್ ದುಡ್ಡು ಕೊಟ್ಟು, ಗರಗಸವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ಅಂಗಡಿಗೆಲ್ಲ ಕೇಳುವಂತೆ ಹೇಳಿದಳು:

"ನಗಲಿ ಬಿಡು. ಸುಸ್ತಾದ ಮೇಲೆ ಸುಮ್ಮನಾಗ್ತಾರಲ್ಲ, ಆಗ ನನ್ನ ಹಾಡು ಕೇಳಿಸುತ್ತೆ. ನಡಿ, ಕೋಟು ಹಾಕ್ಕೋ."